ಎ, ಆರ್, ಟಿ ಇರುವ ಪದಗಳು

ಆ ಶನಿವಾರ ಏನೇನು ಕೆಡಬಹುದು ಎಂದು ನಾನು ಮೊದಲೇ ಯೋಚಿಸಿಟ್ಟಿದ್ದೆ. ಬೊರಿವಲಿಯಿಂದ ಹೊರಟ ಲೋಕಲ್ ಗೋರೆಗಾಂವ್ ಹತ್ತಿರ ನಿಂತೇಬಿಡಬಹುದು. ನಿಲ್ಲದಿದ್ದರೆ, ಬಾಗಿಲಲ್ಲಿದ್ದವರು ದಾರಿ ಬಿಡದೆ ನಾವು ವಿಲೆ ಪಾರ್ಲೆಯಲ್ಲಿ ಇಳಿಯಲಾಗದೆ ಸಾಂತಾಕ್ರೂಜ್ ತಲುಪಬಹುದು. ಡಾಕ್ಟರರು ನನ್ನ ಮುಖ ನೋಡದೆ ಹೆಂಡತಿಯ ಮುಖ ನೋಡಿ ಮಾತಾಡಬಹುದು. ಅದು ಕೆಟ್ಟ ಲಕ್ಷಣ. ಆ ಕೊಳವೆಯಂಥ ಯಂತ್ರದೊಳಗೆ ತಲೆ ತೂರಿಸಿ ಎನ್ನಬಹುದು. ಆಫೀಸಿನಲ್ಲಿ ಗೊತ್ತಾಗಿ, ನನ್ನ ಸಹಿಯ ಕೆಳಗೆ ಇನ್ನೊಬ್ಬರು ಸಹಿ ಹಾಕುವ ವ್ಯವಸ್ಥೆ ಆಗಬಹುದು. ಎಲ್ಲ ಮುಗಿಸಿ ಬರುವಾಗ, ಜೊತೆಗಿರುವ ಈ ಹೆಂಗಸು ಯಾರು ಎಂದು ನಾನೇ ಕೇಳಬಹುದು.

ಇದಕ್ಕೆಲ್ಲ ಮೂಲ ತರಕಾರಿ ಮಾರ್ಕೆಟ್ಟು. ಅಲ್ಲೊಂದು ಸಂಜೆ ನನ್ನ ಟ್ರೈನಿನ ಗೆಳೆಯರೊಬ್ಬರು ತಮ್ಮ ಹೆಂಡತಿಯ ಜೊತೆ ಎದುರಾದರು. ವರ್ಷಗಟ್ಟಲೆಯಿಂದ ಬೆಳಗಿನ ಲೋಕಲ್‌ನಲ್ಲಿ ಕರವಸ್ತ್ರ ಹಾಸಿ ನನಗೆ ಸೀಟು ಹಿಡಿಯುವವರು. ಅವರ ಮಂಡಿನೋವು, ಮಗಳ ಕಾಲೇಜು, ಅವರ ಬಿಲ್ಡಿಂಗಿನ ನೀರಿನ ಜಗಳ ಎಲ್ಲ ನನಗೆ ಗೊತ್ತು. ನನ್ನ ಹೆಂಡತಿಗೆ ಪರಿಚಯ ಮಾಡಿಸೋಣ ಎಂದು "ಇವರು ನಮ್ಮ..." ಎಂದೆ. ಮುಂದಕ್ಕೆ ಹೆಸರು ಬರಲಿಲ್ಲ. ಅವರು ನಗುತ್ತ ತಮ್ಮ ಹೆಂಡತಿಗೆ, "ಯೇ ಅಪನಾ ಟ್ರೈನ್‌ವಾಲಾ ಬಾಸ್" ಎಂದು ಹೇಳಿ ಬೆಂಡೆಕಾಯಿ ಮುರಿದು ನೋಡತೊಡಗಿದರು. ನಾನು ಬದನೆಕಾಯಿಗಳ ಮುಂದೆ ಬೆವರುತ್ತ ನಿಂತೆ. ನನ್ನ ಚಿಕ್ಕಪ್ಪನಿಗೂ ಹೀಗೆಯೇ ಶುರುವಾದದ್ದು. ಮೊದಲು ಹೆಸರುಗಳು ಹೋದವು, ಆಮೇಲೆ ಮನೆಯ ದಾರಿ.

ವಿಲೆ ಪಾರ್ಲೆಯ ಡಾಕ್ಟರರು ತಾಳ್ಮೆಯಿಂದ ಕೇಳಿಸಿಕೊಂಡು, ಮುಂದಿನ ಬಾರಿ ಒಂದು ಸಣ್ಣ ಪರೀಕ್ಷೆ ಇರುತ್ತದೆ ಎಂದರು. ಕೆಲವು ಅಕ್ಷರ ಕೊಡುತ್ತಾರೆ. ಅವೆಲ್ಲ ಇರುವ ಇಂಗ್ಲಿಷ್ ಪದಗಳನ್ನು ನಾನು ಹೇಳಬೇಕು. ತಯಾರಿ ಏನೂ ಬೇಡ.

ಮೈಸೂರು ಕಡೆಯ ಮಧ್ಯಮವರ್ಗದಲ್ಲಿ ಹುಟ್ಟಿದವನಿಗೆ ಈ ಮಾತು ಹೇಳಬಾರದು. ತಯಾರಿ ಬೇಡ ಎಂದರೆ ಪೋರ್ಷನ್ ಜಾಸ್ತಿ ಇದೆ ಎಂದೇ ನಮಗೆ ಅರ್ಥ. ಅಕ್ಷರ ಟೈಪು ಮಾಡಿದರೆ ಅವಿರುವ ಪದಗಳನ್ನೆಲ್ಲ ಸುರಿಯುವ ವೆಬ್‌ಸೈಟೊಂದು ಫೋನಿನಲ್ಲಿ ಸಿಕ್ಕಿತು. ಮೂರು ಮೂರು ಅಕ್ಷರ ಹಾಕುತ್ತ ಹೋದೆ. ಬಂದ ಪದಗಳಲ್ಲಿ ಅರ್ಧವನ್ನು ಬೊರಿವಲಿಯಿಂದ ಚರ್ಚ್‌ಗೇಟ್‌ವರೆಗೆ ಯಾರೂ ಬಾಯಿಬಿಟ್ಟು ಆಡಿರಲಾರರು. ಗೊತ್ತಿರುವ ಪದವನ್ನು ಓದುವುದೇಕೆ ಎಂದು ಆ ಗೊತ್ತಿಲ್ಲದ ಅರ್ಧವನ್ನೇ ಉರುಹೊಡೆದೆ. ಪಕ್ಕದ ಸೀಟಿನಿಂದ ಅದೇ ಗೆಳೆಯರು ಇಣುಕಿ, "ಕ್ಯಾ ಬಾಸ್, ಇಸ್ ಉಮರ್ ಮೇ ಎಂಟ್ರೆನ್ಸ್?" ಎಂದು ನನ್ನ ವಯಸ್ಸನ್ನೂ ಓದನ್ನೂ ಸೇರಿಸಿ ಛೇಡಿಸಿದರು. ಹೆಸರು ಹಿಡಿದು ತಿರುಗಿ ಬಯ್ಯೋಣವೆಂದರೆ ಹೆಸರಿಲ್ಲ.

ಪರೀಕ್ಷೆಯ ಶನಿವಾರ ಲೋಕಲ್ ನಡುದಾರಿಯಲ್ಲಿ ಎಲ್ಲೂ ಕೆಟ್ಟು ನಿಲ್ಲಲಿಲ್ಲ. ಪರೀಕ್ಷೆ ಮಾಡಿದ್ದು ಡಾಕ್ಟರರಲ್ಲ, ಅವರ ಕೈಕೆಳಗಿನ ಚಿಕ್ಕ ವಯಸ್ಸಿನ ಮರಾಠಿ ಹುಡುಗಿ. ನನ್ನ ಹೆಂಡತಿ ಹಿಂದಿನ ಕುರ್ಚಿಯಲ್ಲಿ ಕುಳಿತಳು. ಹುಡುಗಿ ಹೇಳಿದಳು: ಎ, ಆರ್, ಟಿ.

ಓದಿಕೊಂಡದ್ದೇ ಬಂದಿತ್ತು. "ರಾಟೆಲ್, ಟಾರ್ನ್, ರಟೂನ್, ಟಾರ್ಸಲ್" ಎಂದು ಒಂದೇ ಉಸಿರಿಗೆ ಬಿಟ್ಟೆ.

ಅವಳು ಪೆನ್ನು ಎತ್ತಿದಳು. "ಅಂಕಲ್, ಟಾರ್ನ್ ಮತಲಬ್?"

ಗೊತ್ತಿರಲಿಲ್ಲ. ರಟೂನ್ ಏನೆಂದೂ ಗೊತ್ತಿರಲಿಲ್ಲ. ಅವಳ ಮುಖದಲ್ಲಿ ಕನಿಕರ ಮೂಡುವುದನ್ನು ನೋಡಿದೆ. ಇಲ್ಲದ ಪದಗಳನ್ನು ಹುಟ್ಟಿಸಿ ಆಡುವುದೂ ಈ ಕಾಯಿಲೆಯ ಒಂದು ಲಕ್ಷಣವೇನೋ ಎಂದು ನನಗೆ ಆಗಷ್ಟೇ ಹೊಳೆಯಿತು.

"ಸಿಂಪಲ್ ವರ್ಡ್ ಬೋಲಿಯೇ ನಾ ಅಂಕಲ್, ರೋಜ್‌ವಾಲಾ."

ದಿನಬಳಕೆಯದು ಒಂದೂ ಬರಲಿಲ್ಲ. ಉರುಹೊಡೆದವೆಲ್ಲ ವಿರಾರ್ ಲೋಕಲ್‌ನ ಬಾಗಿಲಲ್ಲಿ ನಿಂತವರ ಹಾಗೆ ಅಡ್ಡಗಟ್ಟಿದ್ದವು; ಒಳಗಿದ್ದವು ಇಳಿಯಲಾರದೆ ಒದ್ದಾಡುತ್ತಿದ್ದವು. ಮಾರ್ಕೆಟ್ಟಿನಲ್ಲಿ ಮರೆತು, ಟ್ರೈನಿನಲ್ಲಿ ಕುಳಿತು ಬಂದವನಿಗೆ ಮಾರ್ಕೆಟ್ ಎಂಬ ಪದವೂ ಹೊಳೆಯಲಿಲ್ಲ, ಟ್ರೈನೂ ಹೊಳೆಯಲಿಲ್ಲ. ಹಿಂದೆ ಹೆಂಡತಿ ನೀರಿನ ಬಾಟಲಿಯನ್ನು ಕುಲುಕುತ್ತಿದ್ದಳು. ಬಾಯಾರಿದೆಯೇನೋ ಎಂದುಕೊಂಡೆ.

"ವಾಟರ್ ಕಣ್ರೀ," ಎಂದಳು ಪರೀಕ್ಷೆಯ ಕೋಣೆಯಿಂದ ಹೊರಗೆ ಬಂದ ಮೇಲೆ. "ಕೈ ನೋಯೋವಷ್ಟು ಅಲ್ಲಾಡಿಸ್ದೆ."

ಆಮೇಲೆ ಡಾಕ್ಟರರಿಗೆ ನನ್ನ ತಯಾರಿಯ ವಿಷಯವೆಲ್ಲ ಹೇಳಿದ್ದೂ ಅವಳೇ. ಅವರು ನಕ್ಕರು. ಇಷ್ಟು ಉರುಹೊಡೆಯಬಲ್ಲವರ ಬಗ್ಗೆ ತಮಗೆ ಅಂಥ ಆತಂಕವಿಲ್ಲ, ಆದರೆ ಈ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯಲಾಗದು. ಕೆಲವು ತಿಂಗಳು ಬಿಟ್ಟು, ಓದಿದ್ದನ್ನೆಲ್ಲ ಮರೆತು ಬನ್ನಿ ಎಂದರು. ಮರೆಯಲು ಏನಾದರೂ ಮಾತ್ರೆ ಇದೆಯೇ ಎಂದು ಕೇಳಲು ಬಾಯಿ ತೆರೆದವನ ತೋಳನ್ನು ಹೆಂಡತಿ ಹಿಡಿದೆಳೆದಳು.

ವಾಪಸು ಸ್ಲೋ ಲೋಕಲ್ ಹತ್ತಿದರೆ ಕಿಟಕಿಯ ಪಕ್ಕ ಅದೇ ಗೆಳೆಯರು. ಶನಿವಾರವೆಂದು ಆಫೀಸಿನಿಂದ ಬೇಗ ಹೊರಟಿದ್ದರಂತೆ. ಸರಿದು ನಮಗಿಬ್ಬರಿಗೂ ಜಾಗ ಮಾಡಿದರು. ಮತ್ತೆ ಪರಿಚಯ ಮಾಡಿಸಬೇಕಾದೀತೆಂದು ನಾನು ಫೋನ್ ತೆಗೆದು ನೋಡತೊಡಗಿದೆ. ಹೆಂಡತಿಗೆ ಸಾಕಾಗಿತ್ತೆಂದು ಕಾಣುತ್ತದೆ.

"ಭಾಯಿಸಾಬ್, ಆಪ್‌ಕಾ ನಾಮ್ ಕ್ಯಾ ಹೈ? ಇನ್‌ಕೋ ಯಾದ್ ನಹೀಂ ಆ ರಹಾ."

ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. "ಯಾದ್ ಕೈಸೇ ಆಯೇಗಾ ಭಾಭೀ? ಕಭೀ ಪೂಛಾ ಹೀ ನಹೀಂ. ಮೈಂನೇ ಭೀ ನಹೀಂ ಪೂಛಾ. ಮೈಂ ಭೀ ಬಾಸ್, ಯೇ ಭೀ ಬಾಸ್."

ನಿಜ. ಇಷ್ಟು ವರ್ಷ ನಾವು ಒಬ್ಬರ ಹೆಸರನ್ನೊಬ್ಬರು ಕೇಳಿರಲೇ ಇಲ್ಲ. ನಾನು ಯಾವುದನ್ನೂ ಮರೆತಿರಲಿಲ್ಲ. ಮರೆಯಲು ಅಲ್ಲಿ ಏನೂ ಇರಲಿಲ್ಲ. ಇದು ಸಂತೋಷಪಡುವ ವಿಷಯವೋ ನಾಚಿಕೆಪಡುವ ವಿಷಯವೋ ತಿಳಿಯದೆ ಕುಳಿತಿದ್ದಾಗ ಅವರು ಕೈ ಚಾಚಿ ತಮ್ಮ ಹೆಸರು ಹೇಳಿದರು. ಅದೇ ಹೊತ್ತಿಗೆ ಪಕ್ಕದ ಹಳಿಯಲ್ಲಿ ಫಾಸ್ಟ್ ಲೋಕಲ್ ಕಿಟಕಿ ನಡುಗಿಸಿಕೊಂಡು ಹಾದುಹೋಯಿತು. ಇಷ್ಟೆಲ್ಲ ಆದ ಮೇಲೆ ಇನ್ನೊಮ್ಮೆ ಕೇಳಲು ಮನಸ್ಸು ಬರಲಿಲ್ಲ.

ಬೊರಿವಲಿಯ ಸೇತುವೆಯ ಮೆಟ್ಟಿಲಲ್ಲಿ ಹೆಂಡತಿಯನ್ನು ಮೆಲ್ಲನೆ ಕೇಳಿದೆ, "ಅವರ ಹೆಸರೇನು ಅಂದ್ರು?"

"ನಂಗೆಲ್ಲಿ ಕೇಳಿಸ್ತು? ನೀವು ತಲೆ ಆಡಿಸಿದ್ರಿ, ಗೊತ್ತಾಯ್ತೇನೋ ಅಂದ್ಕೊಂಡೆ."

ತಲೆ ಆಡಿಸಿದ್ದು ನಿಜ.