ಗಂಡಸಿಯ ಹಸುವಿನ ಕಿವಿಯೂ ರತ್ನಪ್ರಭಾ ಅವರ ಹಟವೂ

ಪಶು ಕೋಶವಿಜ್ಞಾನದ ಮಾತು ಬಂದಲ್ಲೆಲ್ಲ ಗೌರವದಿಂದ ನೆನೆಯಲಾಗುವ ಡಾ. ರತ್ನಪ್ರಭಾ ಅವರು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವರು. ಜೀವಕ್ಕೆ ನೋವಾಗದ ದಾರಿಯಿದ್ದರೆ ಅದನ್ನೇ ಹಿಡಿಯಬೇಕೆಂಬ ಜೈನ ಮನೆತನದ ಪಾಠವನ್ನು ಪ್ರಯೋಗಾಲಯಕ್ಕೂ ತಂದವರು. ಭ್ರೂಣವನ್ನು ಮುಟ್ಟದೆ, ದನದ ಕಿವಿಯಂಚಿನ ಅಕ್ಕಿಕಾಳಿನಷ್ಟು ಚರ್ಮದಿಂದಲೇ, ಮೈಯ ಯಾವ ಭಾಗವಾಗಿಯೂ ಬೆಳೆಯಬಲ್ಲ ಕಾಂಡಕೋಶ ಪಡೆಯಬೇಕೆಂದು ಅರಸೀಕೆರೆಯ ನಮ್ಮ ಪಶು ಸಂಶೋಧನಾ ಕೇಂದ್ರದಲ್ಲಿ ಹನ್ನೊಂದು ವರ್ಷ ಹಟ ಹಿಡಿದು ಕೂತರು. ಷರತ್ತು ಒಂದೇ: ಕೋಶವನ್ನು ಬದಲಿಸಲು ಹೊರಗಿನಿಂದ ಹಾಕಿದ ಜೀನು, ಮನೆ ಕಟ್ಟಿದ ಗಾರೆಯವನಂತೆ, ಕೆಲಸ ಮುಗಿಸಿ ಹೊರಡಬೇಕು, ಒಳಗೇ ಬಿಡಾರ ಹೂಡಕೂಡದು.

ನಿವೃತ್ತಿಗೆ ಮೂರು ತಿಂಗಳಿರುವಾಗ ಗಂಡಸಿ ಎಂಬ ಊರಿನ ರಂಗಮ್ಮನವರ ಮುದಿ ಹಸುವಿನ ಚರ್ಮಕೋಶಗಳು ಕಾಂಡಕೋಶಗಳಾದವು. ನಾವೆಲ್ಲ ಹಿಗ್ಗಿ ಹೀರೇಕಾಯಿಯಾದೆವು. ಬೀಳ್ಕೊಡುಗೆ ಸಭೆಯಲ್ಲಿ ಘೋಷಣೆ ಎಂದು ಆಹ್ವಾನಪತ್ರಿಕೆಯೂ ಅಚ್ಚಾಯಿತು. ಆಮೇಲೆ ಕೊನೆಯ ತಪಾಸಣೆಯಲ್ಲಿ ಮಸುಕಾದೊಂದು ಗೀಟು ಮೂಡಿತು: ಹೊರಗಿನ ಜೀನು ಒಳಗೇ ಸೇರಿಹೋಗಿತ್ತು. ಮೇಡಂ ಹೋಗುವ ಮುಂಚೆ ಫಲ ಕಾಣಲಿ ಎಂಬ ಪ್ರೀತಿಗೆ ಅವರ ಶಿಷ್ಯ ಕಿರಣ್ ಯಾರಿಗೂ ಹೇಳದೆ ಜೀನಿನ ಪ್ರಮಾಣವನ್ನು ದುಪ್ಪಟ್ಟು ಮಾಡಿದ್ದ.

“ತೀರಾ ಮಸುಕಾಗಿದೆ ಮೇಡಂ. ಯಾರ ಕಣ್ಣಿಗೂ ಬೀಳಲ್ಲ,” ಎಂದ ಕಿರಣ್.

“ನಮ್ಮ ಕಣ್ಣಿಗೆ ಬಿತ್ತಲ್ಲಪ್ಪ,” ಎಂದರು.

ಕೋಶ ಬೆಳೆಸಿದ್ದ ಗಾಜಿನ ತಟ್ಟೆಗಳನ್ನೆಲ್ಲ ತಾವೇ ಎಸೆದರು. ಕಿರಣನಿಗೆ ನಾಚಿಕೆಯಿಂದ ಊಟ ಸೇರಲಿಲ್ಲ. ಬೀಳ್ಕೊಡುಗೆಯ ವೇದಿಕೆಯಲ್ಲಿ, ಹಾರ ಹಾಕುವ ಮುಂಚೆಯೇ, ಸೋತ ಸುದ್ದಿಯನ್ನು ಅವರೇ ಹೇಳಿದರು. ತಪ್ಪು ತಮ್ಮದೆಂದರೇ ಹೊರತು ಅವನ ಹೆಸರೆತ್ತಲಿಲ್ಲ.

ಮರುವಾರ ಅವನನ್ನು ಕರೆದುಕೊಂಡು ಗಂಡಸಿಗೆ ಹೋದರು. ಅಂದು ಸೋಮವಾರ.

“ಬಸವಣ್ಣನ ದಿನ ದನಕ್ಕೆ ನೊಗಾನೇ ಹೂಡಲ್ಲ, ಕತ್ತಿ ಮುಟ್ಟುಸ್ತೀನಾ?” ಎಂದರು ರಂಗಮ್ಮ. “ಹೋದ್ಸಲ ಕುಯ್ದಿದ್ದು ಸಾಲ್ದಾ?”

“ಸಾಕಾಗಿತ್ತು ರಂಗಮ್ಮ, ಕೆಡಿಸಿಕೊಂಡಿದ್ದು ನಾವು. ನಾಳೆ ಬರ್ತೀವಿ.”

“ಬನ್ನಿ. ಅದಕ್ಕೂ ವಯಸ್ಸಾಗೈತೆ, ಮೇವು ಬಿಟ್ಟೈತೆ. ಇದ್ರೆ ಕುಯ್ಕಳಿ.”

ಬೇರಾವ ದನದ ಚರ್ಮವೂ ಈವರೆಗೆ ಒಗ್ಗಿರಲಿಲ್ಲ; ಈ ಹಸು ಹೋದರೆ ಹನ್ನೊಂದು ವರ್ಷದ ದುಡಿಮೆಯೂ ಹೋದಂತೆ ಎಂದು ಕಿರಣನ ಜೀವ ಬಾಯಿಗೆ ಬಂದಿತ್ತು. ಮಂಗಳವಾರ ಮೊದಲ ಬಸ್ಸಿಗೆ ಹೋದಾಗ ಅದು ಕೊಟ್ಟಿಗೆಯಲ್ಲಿ ನಿಂತಿತ್ತು. ಕಿವಿಯಂಚಿನ ಚರ್ಮ ಕುಯ್ದು ತಂದರು. ಆಷಾಢದಲ್ಲಿ ಹಸು ತೀರಿಕೊಂಡಿತು.

ನಿವೃತ್ತರಾಗಿದ್ದ ಮೇಡಂ ದಿನವೂ ಕೇಂದ್ರದ ಸಂದರ್ಶಕರ ಪುಸ್ತಕದಲ್ಲಿ ಸಹಿ ಹಾಕಿ ಒಳಗೆ ಬಂದರು. ಜೀನಿನ ಪ್ರಮಾಣವನ್ನು ಕಿರಣನಿಂದಲೇ ಅಳೆಸಿದರು. ಶ್ರಾವಣದಲ್ಲಿ ತಪಾಸಣೆ ಮಾಡಿದಾಗ ಗೀಟಿರಲಿಲ್ಲ. “ಇನ್ನೊಂದ್ಸಲ ನೋಡೋಣ,” ಎಂದರು. ಮೂರನೆಯ ಸಲವೂ ಇರಲಿಲ್ಲ. ಆಗ ಇಬ್ಬರೂ ಅತ್ತರು.

ಅಂದು ಸಭೆಯಲ್ಲಿ ಅವರು ಎತ್ತದ ಆ ಹೆಸರನ್ನು ಇಲ್ಲಿ ತಾನೇ ಬರೆದು, ಈ ಲೇಖನದ ಕರ್ತೃವಾದ ಕಿರಣ್ ತನ್ನ ಗುರುಗಳಿಗೆ ನೂರು ವರ್ಷದ ಆಯುಸ್ಸನ್ನೂ ಕೈತುಂಬ ಕೆಲಸವನ್ನೂ ಹಾರೈಸುತ್ತಾನೆ.