ಕಲ್ಲಿನೊಳಗಿನ ಕೊಸರು

ಗದಗ-ಬೆಟಗೇರಿಯ ತಕ್ಕಡಿ ಮಹಬೂಬಸಾಬ ಎಂದರೆ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಅಂಗಡಿಕಾರರಿಗೆಲ್ಲ ಗೊತ್ತು. ತಕ್ಕಡಿ ಅವನ ಮನೆತನದ ಹೆಸರಲ್ಲ, ಕಸುಬಿನಿಂದ ಅಂಟಿಕೊಂಡದ್ದು. ಅವನ ಅಪ್ಪ ಉಸ್ಮಾನಸಾಬ ತೂಕದ ಇಲಾಖೆಯಿಂದ ದುರಸ್ತಿಯ ಲೈಸೆನ್ಸ್ ಪಡೆದಿದ್ದ, ಅಪ್ಪನ ನಂತರ ಅದು ಮಗನ ಹೆಸರಿಗೆ ಬಂತು. ತಕ್ಕಡಿಯ ಬಾಗಿದ ದಂಡಿಗೆಯನ್ನು ನೆಟ್ಟಗೆ ಮಾಡುವುದು, ಸವೆದ ತೂಕದ ಕಲ್ಲಿನ ತಳದ ಕುಳಿಗೆ ಸೀಸ ಹುಯ್ದು ಸರಿದೂಗಿಸುವುದು, ಇಲಾಖೆಯವರು ತೂಕ ಪರೀಕ್ಷಿಸಿ ಮುದ್ರೆ ಹಾಕುವ ಶಿಬಿರದ ದಿನ ಅಂಗಡಿಕಾರರ ಸಾಮಾನನ್ನು ಇನ್‌ಸ್ಪೆಕ್ಟರ ಮುಂದೆ ಸಾಲಾಗಿ ಇಡುವುದು, ಇದಿಷ್ಟು ಅವನ ಕೆಲಸ. ಈ ಕಲ್ಲು ಕಬ್ಬಿಣದ್ದೇ, ಆದರೂ ಜನ ಅದನ್ನು ಕಲ್ಲು ಎಂದೇ ಕರೆಯುತ್ತಾರೆ.

ಮಾತಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಂದು ತಕ್ಕಡಿ ಸರಿಮಾಡುವಷ್ಟರಲ್ಲಿ ಊರಿನ ಅರ್ಧ ಖಬರು ಹೇಳಿ ಮುಗಿಸುತ್ತಿದ್ದ. ನಿದ್ದೆಯಲ್ಲೂ ಮಾತಾಡುತ್ತಾನೆಂದು ಹೆಂಡತಿ ಸಾಬೀರಾ ತಮಾಷೆ ಮಾಡುತ್ತಿದ್ದಳು. ಇಂಥ ಮನುಷ್ಯ ಆಯುಷ್ಯದಲ್ಲಿ ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡ, ಅದೂ ಮುಚ್ಚಬಾರದ ಹೊತ್ತಿನಲ್ಲಿ.

ಕಥೆ ಶುರುವಾಗುವುದು ಗುರುಸಿದ್ದವ್ವನಿಂದ. ಆಕೆ ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಯವಳು. ತೋಟದ ಮುಳಗಾಯಿ, ಅಂದರೆ ಬದನೆಕಾಯಿ, ಹಸಿಮೆಣಸಿನಕಾಯಿ ಬುಟ್ಟಿಗೆ ತುಂಬಿಕೊಂಡು ಬೆಳಗಿನ ಬಸ್ಸಿಗೆ ಮುಂಡರಗಿಗೆ ಬಂದು ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಕೂರುತ್ತಿದ್ದಳು. ಆ ಜಾಗದಲ್ಲಿ ಮೊದಲು ಕೂರುತ್ತಿದ್ದವನು ಆಕೆಯ ಗಂಡ ಫಕೀರಪ್ಪ. ಅವನ ತಕ್ಕಡಿಯ ಮುಳ್ಳು ಯಾವತ್ತೂ ಗಿರಾಕಿಯ ಕಡೆಗೇ ಬಾಗುತ್ತಿತ್ತು. ತೂಗಿದ ಮೇಲೆ ಕೊಸರು ಎಂದು ಒಂದು ಕಾಯಿ ಮೇಲೆ ಹಾಕದೆ ಅವನು ಯಾರನ್ನೂ ಕಳಿಸಿದ್ದಿಲ್ಲ. ಮಾರ್ಕೆಟ್ಟಿನಲ್ಲಿ ಯಾರಾದರೂ ತೂಕದ ಬಗ್ಗೆ ಜಗಳ ತೆಗೆದರೆ, ನಡೀರಿ ಫಕೀರಪ್ಪನ ತಕ್ಕಡಿಗೆ ಹಾಕಿ ನೋಡೋಣ ಅನ್ನುತ್ತಿದ್ದರು. ಅವನು ತೀರಿಕೊಂಡ ಮೇಲೆ ತಕ್ಕಡಿಯೂ ಕೊಸರೂ ಗುರುಸಿದ್ದವ್ವನ ಪಾಲಿಗೆ ಬಂದವು.

ಆಕೆಗೂ ವಯಸ್ಸಾಯಿತು, ಕೈ ನಡುಗತೊಡಗಿತು. ದಿನ ಬಿಟ್ಟು ದಿನ ಸೊಸೆ ಮಂಜವ್ವ ಬಂದು ಕೂರುವಂತಾಯಿತು. ಮಂಜವ್ವ ಕೆಟ್ಟವಳಲ್ಲ, ಲೆಕ್ಕದವಳು. ಒಂದು ಕೆಜಿ ಅಂದರೆ ಒಂದು ಕೆಜಿ, ಕೊಸರು ಗಿಸರು ಏನಿಲ್ಲ. ಅತ್ತೆ ಹೇಳಿ ಹೇಳಿ ಸೋತಳು. ಗಿರಾಕಿಗಳು ಮಾತ್ರ ಗುರುಸಿದ್ದವ್ವ ಬರುವ ದಿನವನ್ನೇ ನೋಡಿಕೊಂಡು ಬರುತ್ತಿದ್ದರು, ಉಳಿದ ದಿನ ಗೊಣಗುತ್ತಿದ್ದರು.

ಒಂದು ದಿನ ಗುರುಸಿದ್ದವ್ವ ಒಂದು ಕೆಜಿಯ ಕಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡು ಮಹಬೂಬಸಾಬನ ಹತ್ತಿರ ಬಂದಳು.

"ತಮ್ಮಾ, ಕೊಸರು ಇದರೊಳಗ ಹಾಕಿಬಿಡು. ತಕ್ಕಡಿ ಯಾರರ ಹಿಡೀಲಿ, ಮಂದಿ ಪಾಲು ಮಂದಿಗೆ ಮುಟ್ಟಬೇಕು."

ಮಹಬೂಬಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. ಮೂವತ್ತು ವರ್ಷದ ಕಸುಬಿನಲ್ಲಿ ಕಲ್ಲು ಹಗುರ ಮಾಡಿಕೊಡು ಎಂದು ಕಿವಿಯಲ್ಲಿ ಪಿಸುಗುಟ್ಟಿದವರು ಹತ್ತಾರು ಜನ ಇದ್ದರು. ಅವರನ್ನೆಲ್ಲ ಬೈದು ಕಳಿಸಿದ್ದ. ಭಾರ ಮಾಡಿಕೊಡು ಎಂದು ಬಂದವಳು ಈಕೆಯೊಬ್ಬಳೇ. ಎರಡೂ ತಪ್ಪೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಲೈಸೆನ್ಸಿನ ಹಾಳೆಯಲ್ಲೇ ಅದು ಇತ್ತು. ಆದರೂ ಆ ಹೊತ್ತಿಗೆ ಅದು ಪುಣ್ಯದ ಕೆಲಸದಂತೆ ಕಂಡಿತು. ಅರ್ಧ ಖಾಲಿಯಿದ್ದ ಕುಳಿಯನ್ನು ಇನ್ನಷ್ಟು ಕೊರೆದು ಸೀಸ ಹುಯ್ದ. ಇಪ್ಪತ್ತೈದು ಗ್ರಾಂ ಹೆಚ್ಚಾಯಿತು, ಒಂದು ಸಣ್ಣ ಮುಳಗಾಯಿಯಷ್ಟು. ಮುದ್ರೆಗೆಂದು ಬೇರೆ ಒಂದು ಸರಿಯಾದ ಕಲ್ಲನ್ನೂ ಕೊಟ್ಟ. ಶಿಬಿರಕ್ಕೆ ಅದನ್ನು ತರುವುದು, ಮಾರುವಾಗ ಇದನ್ನು ಇಡುವುದು ಎಂದು ಇಬ್ಬರೂ ಮಕ್ಕಳಂತೆ ಗುಟ್ಟು ಮಾಡಿಕೊಂಡರು. ಮಂಜವ್ವನಿಗೂ ಹೇಳಲಿಲ್ಲ. ಆರು ವರ್ಷ ಹಾಗೇ ನಡೆಯಿತು.

ಅಷ್ಟರಲ್ಲಿ ಕಾಲ ಬದಲಾಯಿತು. ಪೊಟ್ಟಣದ ಮೇಲೆ ಬೆಲೆ, ತೂಕ, ತಾರೀಖು ಇರಲೇಬೇಕು, ಮುದ್ರೆಯ ಸರ್ಟಿಫಿಕೇಟು ಗಿರಾಕಿಗೆ ಕಾಣುವಂತೆ ತೂಗುಹಾಕಬೇಕು, ಮೋಸ ಕಂಡರೆ ಈ ನಂಬರಿಗೆ ಫೋನ್ ಮಾಡಿ ಎಂಬ ಬೋರ್ಡುಗಳು ಬಸ್ ಸ್ಟ್ಯಾಂಡಿನಲ್ಲೂ ಬಂದವು. ಇದೆಲ್ಲ ಬೇಡವಾಗಿತ್ತು ಎಂದು ಯಾರೂ ಹೇಳಬಾರದು. ಹಗುರ ಕಲ್ಲಿಟ್ಟು ಬಡವರ ಹೊಟ್ಟೆಗೆ ಹೊಡೆದವರು ನಮ್ಮ ಕಡೆ ಕಡಿಮೆಯಿರಲಿಲ್ಲ, ಅವರ ಬಾಲ ಕತ್ತರಿಸಿದ್ದು ಒಳ್ಳೆಯದೇ ಆಯಿತು. ಆದರೆ ಕಾಯ್ದೆಯಲ್ಲಿ ಕೊಸರಿಗೆ ಜಾಗವಿಲ್ಲ. ಇರಬೇಕೆಂದು ಬಯಸುವುದೂ ನ್ಯಾಯವಲ್ಲ.

ಹೊಸ ಇನ್‌ಸ್ಪೆಕ್ಟರ್ ಅಕ್ಷಯಾ ಎಂಬ ತರುಣಿ. ಚಹಾವನ್ನೂ ತನ್ನ ದುಡ್ಡಿನಲ್ಲೇ ಕುಡಿಯುವವಳು. ಒಂದು ದಿನ ಹೇಳದೆ ಕೇಳದೆ ಮುಂಡರಗಿ ಮಾರ್ಕೆಟ್ಟಿಗೆ ಬಂದು, ಅಲ್ಲೇ ಯಾವುದೋ ಅಂಗಡಿಯ ತಕ್ಕಡಿ ಬಿಚ್ಚಿಕೊಂಡು ಕೂತಿದ್ದ ಮಹಬೂಬಸಾಬನನ್ನೂ ಕರೆದುಕೊಂಡಳು. ಸಾಲು ಹಿಡಿದು ನೋಡುತ್ತ ಹೋದರು. ಗುರುಸಿದ್ದವ್ವನ ಬುಟ್ಟಿ ಹತ್ತಿರ ಬರುತ್ತಿದ್ದ ಹಾಗೆ ಮಹಬೂಬಸಾಬ ಒಂದೊಂದೇ ಹೆಜ್ಜೆ ಹಿಂದುಳಿದ. ಅಂದು ಅತ್ತೆ ಸೊಸೆ ಇಬ್ಬರೂ ಇದ್ದರು. ಮುದ್ರೆಯ ಕಲ್ಲು ಕೊರ್ಲಹಳ್ಳಿಯ ಮನೆಯ ಮೂಲೆಯಲ್ಲಿ ಚೀಲದೊಳಗಿತ್ತು.

ಅಕ್ಷಯಾ ಕಲ್ಲನ್ನು ತನ್ನ ಯಂತ್ರದ ಮೇಲಿಟ್ಟಳು. ಇಪ್ಪತ್ತೈದು ಗ್ರಾಂ ವ್ಯತ್ಯಾಸ ಇದೆ ಎಂದು ಗಟ್ಟಿಯಾಗಿ ಹೇಳಿದಳು. ಹೆಚ್ಚಿದೆ ಎಂಬುದನ್ನು ಮಾತ್ರ, ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಗುಮಾಸ್ತನಿಗೆ ಮೆಲ್ಲಗೆ ಹೇಳಿದಳು. ಸುತ್ತ ನೆರೆದ ಜನಕ್ಕೆ ಕೇಳಿಸಿದ್ದು ಮೊದಲನೆಯದು ಮಾತ್ರ. ತೂಕದ ಇಲಾಖೆಯವರು ಕಲ್ಲು ಹಿಡಿದರೆ ಅದು ಹಗುರವೇ ಇರಬೇಕು, ಬೇರೆ ಯೋಚನೆ ಯಾರ ತಲೆಗೂ ಹೋಗುವುದಿಲ್ಲ. ಯಾರೋ ಮೊಬೈಲ್ ಎತ್ತಿ ವಿಡಿಯೋ ಮಾಡಿಕೊಂಡರು.

ಅಕ್ಷಯಾ ಕಲ್ಲನ್ನು ಬೋರಲು ಹಾಕಿ ಕುಳಿ ತೋರಿಸಿದಳು. ಸೀಸವನ್ನು ಪಳಗಿದ ಕೈಯೇ ತುಂಬಿದೆ, ಇದು ಯಾರ ಕೆಲಸ ಎಂದು ಮಹಬೂಬಸಾಬನನ್ನು ಕೇಳಿದಳು.

"ಗೊತ್ತಿಲ್ಲರಿ ಮೇಡಂ," ಅಂದ ಅವನು.

ಎರಡೇ ಮಾತು. ಅಪ್ಪನ ಲೈಸೆನ್ಸು ಕಣ್ಣ ಮುಂದೆ ಬಂದಿತ್ತು, ಇನ್ನೂ ಮದುವೆಯಾಗದ ಮಗಳು ರುಹಿಯೂ ಮನಸ್ಸಿಗೆ ಬಂದಿದ್ದಳು. ಭಾರ ಐತ್ರಿ, ಹಗುರಿಲ್ಲ, ಎಂದು ಜನಕ್ಕೆ ಕೇಳುವಂತೆ ಒಂದು ಸಲ ಕೂಗಿದ್ದರೂ ಸಾಕಿತ್ತು. ಅದಕ್ಕೆ ಲೈಸೆನ್ಸೇನೂ ಹೋಗುತ್ತಿರಲಿಲ್ಲ. ಆದರೆ ಹೆದರಿದವನಿಗೆ ಒಂದು ಮಾತು ಎಲ್ಲಿಗೆ ನಿಲ್ಲುತ್ತದೆ ಎಂಬ ಅಂದಾಜು ಸಿಗುವುದಿಲ್ಲ, ಅವನು ಎಲ್ಲ ಮಾತನ್ನೂ ನುಂಗಿಬಿಡುತ್ತಾನೆ.

ಗುರುಸಿದ್ದವ್ವ ಅವನ ಮುಖ ನೋಡಿದಳು. ನೋಡಿದ್ದು ಒಂದು ಗಳಿಗೆ. ಭಾರದ ಮಾತು ತೆಗೆದರೆ ಮಾಡಿಕೊಟ್ಟವನ ಹೆಸರೂ ಹೊರಬೀಳುತ್ತದೆ ಅನ್ನಿಸಿತು ಆಕೆಗೆ. ಆಮೇಲೆ ಇನ್‌ಸ್ಪೆಕ್ಟರ ಕಡೆ ತಿರುಗಿದಳು.

"ಅದು ನಮ್ಮ ಮನಿಯವರು ಮಾಡಿಸಿದ್ದರಿ. ಅವರು ಇಲ್ಲ ಈಗ."

ಅವರ ಹೆಸರೇನು ಎಂದು ಗುಮಾಸ್ತ ಕೇಳಿದ. ಗಂಡನ ಹೆಸರನ್ನು ಆಕೆ ಯಾವತ್ತೂ ಬಾಯಲ್ಲಿ ಆಡಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದವರಿಂದ ಹೇಳಿಸಿದವಳು. ಹೇಳಲು ಸೊಸೆಯ ಕಡೆ ನೋಡಿದಳು, ಮಂಜವ್ವ ಮುಖಕ್ಕೆ ಸೆರಗು ಹಾಕಿಕೊಂಡು ಅಳುತ್ತಿದ್ದಳು. ಕೊನೆಗೆ ತಾನೇ ಹೇಳಿದಳು, ಫಕೀರಪ್ಪ, ಎಂದು. ಗುಮಾಸ್ತನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದಳು.

ಕಲ್ಲು ಜಪ್ತಿಯಾಯಿತು. ದಂಡವನ್ನೂ ಕಟ್ಟಿದರು, ಅದು ದೊಡ್ಡ ಮಾತಲ್ಲ. ಸಂಜೆಯೊಳಗೆ ವಿಡಿಯೋ ಮುಂಡರಗಿಯ ಮೊಬೈಲುಗಳಲ್ಲೆಲ್ಲ ಓಡಾಡಿತು. ಮರುದಿನದಿಂದ ಗುರುಸಿದ್ದವ್ವ ಬಸ್ಸು ಹತ್ತಲಿಲ್ಲ. ಮಂಜವ್ವ ಎಲೆಕ್ಟ್ರಾನಿಕ್ ತಕ್ಕಡಿ ಕೊಂಡು ಒಬ್ಬಳೇ ಬರತೊಡಗಿದಳು.

ಮಹಬೂಬಸಾಬ ಆ ಸಾಲಿನ ಕಡೆ ಹೋಗುವುದನ್ನು ಬಿಟ್ಟ. ಶಿರಹಟ್ಟಿ, ಲಕ್ಷ್ಮೇಶ್ವರದ ಕೆಲಸ ಮಾತ್ರ ನೋಡಿಕೊಂಡ. ಯಾಕೆ ಮಾತು ಕಡಿಮೆಯಾಯಿತು ಎಂದು ಸಾಬೀರಾ ಕೇಳಿದರೆ ಹಲ್ಲುನೋವು ಅಂದ. ಹಲ್ಲುನೋವು ಒಂದು ವರ್ಷ ಇರುವುದಿಲ್ಲ ಎಂದು ಅವಳಿಗೆ ಗೊತ್ತಾಗದೇ ಇರಲಿಲ್ಲ. ಕೊನೆಗೊಂದು ದಿನ ಎಲ್ಲ ಹೇಳಿಕೊಂಡ. ಅವಳು ಬೈಯಲಿಲ್ಲ. ಮೊದಲು ಆ ಮುದುಕಿಯ ಮನೆಗೆ ಹೋಗಿ ಬಾ ಅಂದಳು.

ಕೊರ್ಲಹಳ್ಳಿಗೆ ಹೋದ. ಗುರುಸಿದ್ದವ್ವ ಕಟ್ಟೆಯ ಮೇಲೆ ಕೂತಿದ್ದಳು. ತಮ್ಮಾ ಬಂದ್ಯಾ, ಕುಂಡ್ರು ಎಂದು ಚಹಾ ಮಾಡಿಸಿದಳು. ಬೈಗುಳ ತಿನ್ನಲು ಸಿದ್ಧನಾಗಿ ಬಂದವನು ಆ ಚಹಾವನ್ನು ಕುಡಿಯದೆ ಪಕ್ಕಕ್ಕಿಟ್ಟ. ತಪ್ಪಾತು ಯಕ್ಕಾ ಎಂದು ಕಾಲಿಗೆ ಬೀಳಲು ಹೋದರೆ ಕೈ ಹಿಡಿದು ತಡೆದಳು. ಮಾಡಿಸಿಕೊಂಡವಳು ತಾನೇ, ಅವನ ಹೊಟ್ಟೆಗೆ ಕಲ್ಲು ಹಾಕಲು ಆಗುತ್ತಿತ್ತೇ ಎಂದು ಅವನಿಗೇ ಸಮಾಧಾನ ಹೇಳಿದಳು. ಆಮೇಲೆ ತನ್ನ ನೋವು ಹೇಳಿಕೊಂಡಳು.

"ನನಗ ಯಾರ ಏನರ ಅನ್ನಲಿ. ಎಂದೂ ಹೇಳದ ಹೆಸರು ಹೇಳಿದ್ನಲ್ಲೋ ತಮ್ಮಾ, ಅದೂ ಕಳ್ಳ ಅನ್ನಿಸಾಕ. ಅದೊಂದು ನುಂಗಾಕ ಆಗವಲ್ದು."

ಬಸ್ಸಿನಲ್ಲಿ ಗದಗಿನವರೆಗೂ ಆ ಮಾತು ಅವನ ಜೊತೆಗೇ ಬಂತು. ಮರುದಿನ ಇಲಾಖೆಯ ಕಚೇರಿಗೆ ಹೋಗಿ ಅಕ್ಷಯಾಳ ಮುಂದೆ ನಿಂತು, ಆ ಸೀಸ ತನ್ನ ಕೈಯದು ಎಂದು ಬರೆದುಕೊಟ್ಟ. ಆಕೆ ಹಳೆಯ ಕಡತ ತೆಗೆಸಿದಳು. ಕಲ್ಲಿನ ತೂಕ ಇಪ್ಪತ್ತೈದು ಗ್ರಾಂ ಹೆಚ್ಚು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಯಾರಾದರೂ ಕೇಳಿದ್ದರೆ ಓದಿ ಹೇಳುತ್ತಿದ್ದೆ, ಯಾರೂ ಕೇಳಲಿಲ್ಲ ಎಂದಳು ಆಕೆ. ಆಕೆಯ ದನಿಯಲ್ಲೂ ಬೇಸರವಿತ್ತು. ಲೈಸೆನ್ಸಿನ ಮಾತು ಬಂದಾಗ, ರದ್ದು ಮಾಡದೆ ತನ್ನ ಕೈಯಲ್ಲಿ ಬೇರೆ ದಾರಿಯಿಲ್ಲ ಎಂದಳು. ಅವನು ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗಿದ್ದ, ಮೇಜಿನ ಮೇಲಿಟ್ಟ.

ಅಲ್ಲಿಂದ ಮುಂಡರಗಿ ಮಾರ್ಕೆಟ್ಟಿಗೆ ಹೋದ. ಮಂಜವ್ವ ಅಂದು ಬಂದಿರಲಿಲ್ಲ. ಫಕೀರಪ್ಪ ಕೂರುತ್ತಿದ್ದ ಜಾಗದಲ್ಲಿ ನಿಂತು, ಆ ಕಲ್ಲು ಹಗುರ ಇರಲಿಲ್ಲ, ಭಾರ ಇತ್ತು, ಮಾಡಿದವನು ತಾನು, ಫಕೀರಪ್ಪನಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಗಟ್ಟಿಯಾಗಿ ಹೇಳಿದ. ಒಂದಿಬ್ಬರು ತಲೆಯೆತ್ತಿ ನೋಡಿದರು. ಹೊಸದಾಗಿ ಬಂದು ಕೂತಿದ್ದವನೊಬ್ಬ ಯಾವ ಫಕೀರಪ್ಪ ಎಂದು ಕೇಳಿದ. ಗಿರಾಕಿಯೊಬ್ಬ ಮೆಂತ್ಯೆ ಹೇಗೆ ಎಂದು ವಿಚಾರಿಸಿ ಮುಂದೆ ಹೋದ. ಬೆಳ್ಳುಳ್ಳಿ ಮಾರುವ ಕಾವೇರಿಗೆ ಮಾತ್ರ ಎಲ್ಲ ನೆನಪಿತ್ತು.

"ಅವತ್ತು ಹೇಳಬೇಕಿತ್ತರಿ, ಸಾಬರ," ಎಂದಳು ಅವಳು, ಬೆಳ್ಳುಳ್ಳಿಯ ಸಿಪ್ಪೆ ಊದುತ್ತ. "ಈಗ ಯಾರು ಕೇಳ್ತಾರ?"

ಮಧ್ಯಾಹ್ನದ ಬಸ್ಸಿಗೆ ಮತ್ತೆ ಕೊರ್ಲಹಳ್ಳಿಗೆ ಹೋದ. ಗುರುಸಿದ್ದವ್ವ ಕಟ್ಟೆಯ ಮೇಲೆಯೇ ಇದ್ದಳು. ಲೈಸೆನ್ಸಿನ ಸುದ್ದಿ ಹೇಳಲಿಲ್ಲ, ಮಾರ್ಕೆಟ್ಟಿನಲ್ಲಿ ಹೇಳಿ ಬಂದೆ ಎಂದಷ್ಟೇ ಹೇಳಿದ. ಆಕೆ ಮುಂದಕ್ಕೆ ಬಾಗಿದಳು.

"ಅವರ ಹೆಸರ ಹಿಡದು ಹೇಳಿದೇನು? ಮಂದಿ ಏನಂದ್ರು?"

ಸುಳ್ಳು ಹೇಳಬಾರದೆಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದ. ಆಕೆಯ ಮುಖ ನೋಡಿದ ಮೇಲೆ ಆಗಲಿಲ್ಲ.

"ಎಲ್ಲಾರೂ ಕೇಳಿದ್ರು, ಯಕ್ಕಾ. ಫಕೀರಪ್ಪನ ತಕ್ಕಡಿ ಅಂದ್ರ ಖರೆ ತಕ್ಕಡಿ ಅಂದ್ರು."

ಗುರುಸಿದ್ದವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆತು, ಅಷ್ಟಾತಲ್ಲ ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಬಹಳ ದಿನದ ಮೇಲೆ ನಕ್ಕಳು. ತಮ್ಮನನ್ನು ಬರಿಗೈಯಲ್ಲಿ ಕಳಿಸಬೇಡ ಎಂದು ಸೊಸೆಗೆ ಕೂಗಿ ಹೇಳಿದಳು. ಮಂಜವ್ವ ತೋಟದ ಮುಳಗಾಯಿ ತಂದು ಎಲೆಕ್ಟ್ರಾನಿಕ್ ತಕ್ಕಡಿಗೆ ಹಾಕಿದಳು, ರೂಢಿ ಎಲ್ಲಿ ಬಿಡುತ್ತದೆ. ಸರಿಯಾಗಿ ಒಂದು ಕೆಜಿ ಬಂದಾಗ ಕೈ ನಿಲ್ಲಿಸಿದಳು. ಗುರುಸಿದ್ದವ್ವ ನಡುಗುವ ಕೈ ಚಾಚಿ ಬುಟ್ಟಿಯಿಂದ ಇನ್ನೊಂದು ಕಾಯಿ ತೆಗೆದು ಮೇಲೆ ಇಟ್ಟಳು.

ಮಹಬೂಬಸಾಬ ಆ ಕಾಯಿಯನ್ನೇ ನೋಡುತ್ತ ನಿಂತ. ಬೇಡ ಯಕ್ಕಾ, ಅದಕ್ಕೆ ನಾನು ತಕ್ಕವನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲಿಂದಾಚೆ ಬರಲಿಲ್ಲ. ಆಕೆ ಕೊಟ್ಟ ಚೀಲ ಹಿಡಿದುಕೊಂಡು ಬಸ್ಸಿನ ಕಡೆ ನಡೆದ.