ನಮ್ಮ ಕಪಾಟಿಗೆ ಬಿದ್ದ ಕೆಂಪು

ನನಗೆ ಕೋಪ ಬಂದರೆ ಮಾತು ಬರುವುದಿಲ್ಲ, ಪಾತ್ರೆ ಉಜ್ಜುತ್ತೇನೆ. ಅಡುಗೆಮನೆ ಅತಿಯಾಗಿ ಹೊಳೆಯುತ್ತಿದ್ದರೆ ಇವಳಿಗೆ ಯಾರೋ ಏನೋ ಅಂದಿದ್ದಾರೆ ಎಂದು ನಿಮ್ಮ ತಾತ ಪತ್ತೆ ಹಚ್ಚುತ್ತಿದ್ದರು. ಮಕ್ಕಳಾ, ಈಚೆಗೆ ಒಂದಿಷ್ಟು ದಿನ ನಮ್ಮ ಮನೆಯ ಕುಕ್ಕರು ಕನ್ನಡಿಯ ಹಾಗಿತ್ತು. ಅದಕ್ಕೆ ಕಾರಣ ಟೀವಿಯಂಥ ಒಂದು ಪರದೆ.

ಪುಟ್ಟೇನಹಳ್ಳಿ ಕೆರೆಯ ಈಚೆಗೆ ನಮ್ಮ ಬಡಾವಣೆಯವರೇ ನಡೆಸುವ ಪುಟ್ಟ ಗ್ರಂಥಾಲಯವಿದೆಯಲ್ಲ, ಅಲ್ಲಿಗೆ ನಾನು ದಿನಾ ಮಧ್ಯಾಹ್ನ ಹೋಗುತ್ತೇನೆ. ತಾತ ಹೋದ ಮೇಲೆ ಬೆಳಗು, ಸಂಜೆಗಳು ಹೇಗೋ ಸಾಗಿದವು. ಮಧ್ಯಾಹ್ನ ಮಾತ್ರ ಕೂತಲ್ಲಿಂದ ಏಳುತ್ತಿರಲಿಲ್ಲ. ಅದನ್ನು ಎಬ್ಬಿಸಿ ಕಳಿಸಿದ್ದು ಆ ಗ್ರಂಥಾಲಯದ ಮೂಲೆಯ ಬೆಂಚು, ಬೆಂಚಿನ ಪಕ್ಕದ ಕನ್ನಡ ಕಥೆ ಕಾದಂಬರಿಗಳ ಕಪಾಟು, ಮತ್ತು ನನ್ನ ಹಾಗೆಯೇ ಅಲ್ಲಿಗೆ ಬರುವ ಪಕ್ಕದ ಬೀದಿಯ ಜಯಮ್ಮ ಮೊದಲಾದವರು. ಪುಸ್ತಕ ಮನೆಗೇ ತರಬಹುದಲ್ಲ ಎನ್ನುತ್ತೀರಿ. ಮನೆಯಲ್ಲಿ ಹೆಂಗಸು ಪುಸ್ತಕ ತೆರೆದಳೆಂಬ ಸುದ್ದಿ ಗ್ಯಾಸಿನವನಿಗೂ ಕೊರಿಯರಿನವನಿಗೂ ಒಲೆಯ ಮೇಲಿನ ಹಾಲಿಗೂ ಅದು ಹೇಗೋ ತಲುಪಿಬಿಡುತ್ತದೆ. ಓದಲು ಮನೆ ಬಿಟ್ಟು ಹೊರಡಲೇಬೇಕು.

ಒಂದು ದಿನ ಹೋಗಿ ನೋಡಿದರೆ ಬಾಗಿಲ ಪಕ್ಕದ ಗೋಡೆಯ ಮೇಲೆ ಆ ಪರದೆ. ಗ್ರಂಥಾಲಯಕ್ಕೆ ಹೊಸ ಸಾಫ್ಟ್‌ವೇರ್ ಬಂದಿತ್ತು. ಬಣ್ಣದ ಚಕ್ರಗಳು, ಎದ್ದು ನಿಂತ ಕಂಬಗಳು. ಜನ ಓದುವ ಕಪಾಟಿಗೆ ಹಸಿರು, ಯಾರೂ ಮುಟ್ಟದ ಕಪಾಟಿಗೆ ಕೆಂಪು. ನಮ್ಮ ಕಪಾಟಿಗೆ ಕೆಂಪು ಬಿದ್ದಿತ್ತು, ದಾಸವಾಳದ ಕೆಂಪು.

ಬಡಾವಣೆಯ ಕಾರ್ಯದರ್ಶಿ ನಾಗರಾಜಯ್ಯನವರು ನಿವೃತ್ತ ಎಂಜಿನಿಯರು, ಕೆಟ್ಟವರಲ್ಲ. ಪರದೆಯ ಮುಂದೆ ನಿಂತು ನಮಗೆ ವಿವರಿಸಿದರು. "ಈ ರ‍್ಯಾಕ್ ಯಾರೂ ಬಳಸ್ತಿಲ್ಲ ಕಣ್ರಮ್ಮ. ಗೋಡೌನಿಗೆ ಹಾಕ್ತೀವಿ. ಬೆಂಚೂ ತೆಗೀತೀವಿ. ಪರೀಕ್ಷೆಗೆ ಓದೋರಿಗೆ ಲ್ಯಾಪ್‌ಟಾಪ್ ಟೇಬಲ್ ಬರುತ್ತೆ ಇಲ್ಲಿ."

"ಮತ್ತೆ ನಾವ್ ದಿನಾ ಬಂದು ಇಲ್ಲೇನ್ ಸ್ವಾಮಿ, ಹಪ್ಪಳ ಒಣಗಿಸ್ತಿದ್ವಾ?" ಎಂದಳು ಜಯಮ್ಮ.

"ನಾನ್ ಹೇಳ್ತಿಲ್ಲಮ್ಮ, ಡೇಟಾ ಹೇಳ್ತಿದೆ."

"ಡೇಟಾಗೆ ಕಣ್ಣಿಲ್ಲ, ಸರಿ. ನಿಮಗಿದೆಯಲ್ಲ!"

ನಾನು ಮನೆಗೆ ಬಂದು ಕುಕ್ಕರು ಉಜ್ಜಿದೆ.

ಭಾನುವಾರ ನಿಮ್ಮೆಲ್ಲರಲ್ಲಿ ಹಿರಿಯಳಾದ ಸಿಂಚನಾ ಬಂದಳು. ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ಕಂಪ್ಯೂಟರ್ ಓದುವವಳು ಅವಳೇ ತಾನೇ. ಕುಕ್ಕರು ನೋಡಿ, ತಾತನ ಹಾಗೇ, "ಯಾರಜ್ಜಿ ಅದು?" ಎಂದಳು. ಹೇಳಿದೆ. ಅದಕ್ಕೆ ಡ್ಯಾಶ್‌ಬೋರ್ಡ್ ಎನ್ನುತ್ತಾರಂತೆ. ಹಿಂದೆ ಕುದುರೆಗಾಡಿಗಳ ಮುಂಭಾಗದಲ್ಲಿ ಒಂದು ಹಲಗೆ ಕಟ್ಟುತ್ತಿದ್ದರಂತೆ, ಕುದುರೆಯ ಕಾಲಿನ ಕೆಸರು ಕೂತವರ ಮೇಲೆ ಹಾರದಿರಲಿ ಎಂದು. ಹೆಸರು ಅಲ್ಲಿಂದ ಬಂದದ್ದಂತೆ. ಕೇಳಿ ನನಗೆ ಇನ್ನಷ್ಟು ಉರಿಯಿತು. ಕೆಸರು ತಡೆಯಬೇಕಾದ ಹಲಗೆ ನಮ್ಮ ಮುಖಕ್ಕೇ ಎರಚಿತಲ್ಲ!

"ಇರು ಅಜ್ಜಿ. ಓದಿದ್ಮೇಲೆ ಪುಸ್ತಕ ಎಲ್ಲಿಡ್ತೀರ?"

"ಎಲ್ಲಿಂದ ತಗೊಂಡ್ವೋ ಅಲ್ಲಿ. ಇನ್ನೆಲ್ಲಿಡ್ತಾರೆ?"

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ಅಜ್ಜೀ! ಟೇಬಲ್ ಮೇಲೇ ಬಿಡ್ಬೇಕು. ನಮ್ಮ ಕಾಲೇಜಲ್ಲೂ ಹಾಗೇ, ಸಂಜೆ ಲೈಬ್ರರಿಯವ್ರು ಅದನ್ನೆಲ್ಲ ಸ್ಕ್ಯಾನ್ ಮಾಡ್ತಾರೆ. ಆಗ್ಲೇ ಅದಕ್ಕೆ ಗೊತ್ತಾಗೋದು, ಯಾರೋ ಓದಿದ್ರು ಅಂತ."

ಆಗ ನೆನಪಾಯಿತು. 'ಓದಿದ ಪುಸ್ತಕಗಳನ್ನು ಮೇಜಿನ ಮೇಲೆಯೇ ಬಿಡಿ' ಎಂಬ ಫಲಕ ಅಲ್ಲಿ ಇದ್ದೇ ಇತ್ತು. ಅದು ಎತ್ತಿಡುವ ಅಭ್ಯಾಸವಿಲ್ಲದವರಿಗೆ ತೋರಿಸಿದ ಕನಿಕರ, ನಮಗಲ್ಲ ಎಂದುಕೊಂಡಿದ್ದೆವು. ನಮ್ಮೂರ ಶಾಲೆಯಲ್ಲಿ ಪುಸ್ತಕಗಳಿಗೆ ಇದ್ದದ್ದು ಒಂದು ತಗಡಿನ ಪೆಟ್ಟಿಗೆ. ಶನಿವಾರ ಮೇಷ್ಟ್ರು ಬೀಗ ತೆಗೆಯುತ್ತಿದ್ದರು. ಓದಿದವರು ಧೂಳು ಒರೆಸಿ, ಇದ್ದ ಜಾಗದಲ್ಲೇ ಇಡಬೇಕು. ಪುಸ್ತಕವನ್ನು ಕಂಡಕಂಡಲ್ಲಿ ಬಿಟ್ಟು ಎದ್ದವರಿಗೆ ಮುಂದಿನ ಶನಿವಾರ ಪೆಟ್ಟಿಗೆ ತೆರೆಯುತ್ತಿರಲಿಲ್ಲ. ಬೆಂಚಿನ ಮೇಲೆ ಕೂರುವ ನಾವೆಲ್ಲ ಅಂಥ ಯಾವುದೋ ಪೆಟ್ಟಿಗೆಯ ಮುಂದೆ ಬೆಳೆದವರೇ. ಎದ್ದು ಹೋಗುವ ಮುಂಚೆ ಕಪಾಟು ಒಪ್ಪ ಮಾಡಿ, ಪಕ್ಕದವರು ಮರೆತದ್ದನ್ನೂ ಸೇರಿಸಿ ಇಟ್ಟು ಬರುತ್ತಿದ್ದೆವು. ಇಷ್ಟು ದಿನ ನಮ್ಮ ಓದನ್ನು ನಾವೇ ಒರೆಸಿ ಹಾಕಿದ್ದೆವು.

ಹಾಗೆಂದು ಕೋಪ ಇಳಿಯಿತೇ? ಇಲ್ಲ. ಊಟ ಮಾಡಿ ತಟ್ಟೆ ತೊಳೆದಿಟ್ಟವಳನ್ನು, ಎಂಜಲು ತಟ್ಟೆ ಕಾಣಲಿಲ್ಲವೆಂದು ಉಪವಾಸದವಳೆಂದು ತೀರ್ಮಾನಿಸುವುದೇ? ತೀರ್ಮಾನಿಸಿ, ಹಾಗಾದರೆ ಇವಳಿಗೆ ಅಡುಗೆಮನೆಯೇ ಬೇಡವೆನ್ನುವುದೇ? ಬೆಂಚು ಹೋದರೆ ಲ್ಯಾಪ್‌ಟಾಪ್ ಟೇಬಲ್ಲಿಗೆ ನಾನು ಯಾವ ಮುಖ ಹೊತ್ತು ಹೋಗಲಿ? ಮತ್ತೆ ಆ ಮಧ್ಯಾಹ್ನಗಳ ಜೊತೆ ಒಬ್ಬಳೇ ಕೂರಬೇಕು.

ಮರುದಿನದಿಂದ ಪುಸ್ತಕಗಳನ್ನು ಮೇಜಿನ ಮೇಲೇ ಬಿಡತೊಡಗಿದೆವು. ಎಷ್ಟು ಕಷ್ಟ ಗೊತ್ತೇ! ಬಾಗಿಲವರೆಗೆ ಬಂದು, ಕೈ ತಡೆಯದೆ ಹಿಂದಿರುಗಿ, ಚೆಲ್ಲಾಪಿಲ್ಲಿಯಾದದ್ದನ್ನು ಕಡೇಪಕ್ಷ ಒಂದರ ಮೇಲೊಂದು ಜೋಡಿಸಿ ಬರುತ್ತಿದ್ದೆ. ಜಯಮ್ಮನಿಗೋ ಹುರುಪು. "ಇಡೀ ಕಪಾಟೇ ಸುರಿದುಬಿಡೋಣ ಕಣ್ರೀ, ಹಸಿರೇನು, ಕಾಡೇ ಬೆಳೀಲಿ" ಎಂದಳು. ಓದದ್ದನ್ನು ಓದಿದೆವೆಂದು ತೋರಿಸುವುದು ಬೇಡವೆಂದು ಅವಳ ಕೈ ಹಿಡಿದೆ.

ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಕಪಾಟು ಹಸಿರಾಯಿತು. ನಾಗರಾಜಯ್ಯನವರು ಕೈಕುಲುಕುವುದೊಂದು ಬಾಕಿ. "ನೋಡಿದ್ರಾ? ಡ್ಯಾಶ್‌ಬೋರ್ಡ್ ಹಾಕಿದ್ದಕ್ಕೇ ಜನ ಕನ್ನಡ ಓದೋಕೆ ಶುರು ಮಾಡಿದ್ರು! ರ‍್ಯಾಕ್ ಇಲ್ಲೇ ಇರ್ಲಿ."

ಕಪಾಟು ಉಳಿಯಿತು, ಬೆಂಚೂ ಉಳಿಯಿತು. ಸುಮ್ಮನೆ ಬರಬಹುದಿತ್ತು. ಆದರೆ ನಮ್ಮ ಓದಿನ ಕೀರ್ತಿಯೂ ಆ ಗಾಜಿಗೇ ಹೋಯಿತಲ್ಲ! ಉಜ್ಜಲು ಅಲ್ಲಿ ಪಾತ್ರೆಯೂ ಇರಲಿಲ್ಲ. ಬಾಯಿ ತಾನಾಗಿ ತೆರೆಯಿತು.

"ನಾವ್ ಒಂದು ಪುಟಾನೂ ಜಾಸ್ತಿ ಓದಿಲ್ಲ ಸ್ವಾಮಿ. ಎತ್ತಿಡೋದು ಬಿಟ್ಟಿದೀವಿ, ಅಷ್ಟೇ."

ಅವರ ಮುಖ ಸಪ್ಪಗಾಯಿತು. ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ನಿಜವಾಗಿಯೇ ಕೇಳಿದರು: "ಹಾಗಾದ್ರೆ ಇದರಲ್ಲಿ ಏನು ಸರಿ ಮಾಡಿಸ್ಬೇಕು, ಹೇಳಿ ತಾಯಿ."

ಸಿಂಚನಾ, ಮುಂದೆ ನೀನೂ ಇಂಥವನ್ನು ಮಾಡುವವಳು, ಅದಕ್ಕೇ ನಿನ್ನಜ್ಜಿ ಕೊಟ್ಟ ಉತ್ತರ ಬರೆಯುತ್ತಿದ್ದೇನೆ. ಒಳಗಿನ ಲೆಕ್ಕಾಚಾರ ನನಗೆ ತಿಳಿಯದು. ಅದನ್ನು ಹಾಕಿದ ಗೋಡೆ ಮಾತ್ರ ತಪ್ಪು ಎಂದೆ. ಅಲ್ಲಿ ನಿಂತು ನೋಡುವವರಿಗೆ ನಮ್ಮ ಬೆಂಚು ಬೆನ್ನ ಹಿಂದಾಗುತ್ತದೆ.

ಈಗ ಪರದೆ ನಮ್ಮ ಬೆಂಚಿನ ಮೇಲಿನ ಗೋಡೆಯಲ್ಲಿದೆ. ಜಯಮ್ಮನ ತುರುಬು ಕೆಳಗಿನ ಕಂಬಗಳಿಗೆ ಅಡ್ಡ ಬರುತ್ತದೆ. ಕಮಿಟಿಯವರು ಬಂದರೆ, "ಸ್ವಲ್ಪ ಸರೀತೀರಾ ತಾಯಿ?" ಎನ್ನುತ್ತಾರೆ. "ಈ ಪುಟ ಮುಗೀಲಿ, ತಾಳ್ರೀ" ಎನ್ನುತ್ತಾಳೆ ಅವಳು. ಅವರು ನಿಂತು ಕಾಯುತ್ತಾರೆ. ಅಷ್ಟು ಹೊತ್ತು ಬೇರೇನು ಮಾಡಿಯಾರು, ಪಾಪ, ನಾವು ಓದುವುದನ್ನು ನೋಡುತ್ತಾರೆ.